ಅಡವಿಟ್ಟ ಪಾತಾಳಗರಡಿ

ಹಳೇಬೀಡಿನ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಅರ್ಚಕ ಸಂಪತ್ಕುಮಾರ್ ಅವರ ಹಿತ್ತಿಲಲ್ಲಿ ಬಾವಿಕಟ್ಟೆಗೆ ಎದೆಯಾನಿಸಿ ನಿಂತ ಅಂತೋಣಮ್ಮ ಕಣ್ಣು ಮುಚ್ಚಿಕೊಂಡು ಹಗ್ಗವನ್ನು ಗೇಣುಗೇಣಾಗಿ ಒಳಗೆ ಬಿಡುತ್ತಿದ್ದಾರೆ. ಹಗ್ಗದ ತುದಿಯಲ್ಲಿ ಪಾತಾಳಗರಡಿ ಇದೆ. ಕಬ್ಬಿಣದ ಬಳೆಗೆ ಜೋತುಬಿದ್ದ ಕೊಕ್ಕೆಗಳ ಗೊಂಚಲು ಅದು. ಬಾವಿಗೆ ಬಿದ್ದ ಕೊಡ, ಬಕೀಟುಗಳನ್ನು ಹುಡುಕಿ ಎತ್ತುತ್ತದೆ. "ಕಣ್ಣು ಬಿಟ್ರೂ ಅಲ್ಲೇನೂ ಕಾಣಾಕಿಲ್ಲ. ಹಗ್ಗ ಹೇಳ್ತದೆ, ಬೆರಳು ಕೇಳಿಸ್ಕೋಬೇಕು" ಎನ್ನುತ್ತಾರೆ ಅವರು.

ಹಿತ್ತಿಲ ಬಾಗಿಲಿನಾಚೆ, ಬೀದಿಯಲ್ಲೇ, ಕಾಂತಮ್ಮ ನಿಂತಿದ್ದಾರೆ. ಈ ಮನೆಯ ಪಾತ್ರೆ ತೊಳೆಯುವವರು. ಸಂಪತ್ಕುಮಾರ್ ಅವರ ಮಗಳು ಅಪೂರ್ವಳ ಮದುವೆಗೆಂದು ಹೊರತೆಗೆದ ಸಣ್ಣ ಬೆಳ್ಳಿ ಬಿಂದಿಗೆಯನ್ನು ನಿನ್ನೆ ಬೆಳಿಗ್ಗೆ ಉಜ್ಜಿ ಕಟ್ಟೆಯ ಮೇಲಿಟ್ಟಾಗ ಅದು ಉರುಳಿ ಬಾವಿಗೆ ಬಿತ್ತು ಎನ್ನುತ್ತಾರೆ ಕಾಂತಮ್ಮ. ಬಿದ್ದದ್ದನ್ನು ನೋಡಿದವರಿಲ್ಲ. ಅಂತೋಣಮ್ಮ ಹಗಲೆಲ್ಲ ಗರಡಿ ಹಾಕಿದರೂ ಸಿಕ್ಕಿದ್ದು ಒಂದು ಹಳೆಯ ಸೌಟು, ತುಂಡು ಚೈನು. ಸಂಜೆ ಸಂಪತ್ಕುಮಾರ್ ಅವರ ತಮ್ಮ ವಿಜಯಸಾರಥಿ ಸ್ಕೂಟರಿನ ಕೀಲಿ ಕೈಗೆತ್ತಿಕೊಂಡರು. "ಬಾವಿಗೆ ಬಿದ್ದಿದ್ರೆ ತಾನೇ ಸಿಗೋದು? ಸ್ಟೇಷನ್ನಲ್ಲಿ ಕೇಳಿದ್ರೆ ಬಾಯಿ ಬಿಡ್ತಾಳೆ."

ಪಾತಾಳಗರಡಿ ಎರವಲು ಕೊಡುವವರು ಅದು ವಾಪಸು ಬರುವವರೆಗೆ ಒಂದು ಪಾತ್ರೆಯನ್ನು ಅಡ ಇಟ್ಟುಕೊಳ್ಳುವುದು ಈ ಕಡೆಯ ಹಳೆಯ ರೂಢಿ. ಅಂತೋಣಮ್ಮ ಯಾರಿಂದಲೂ ಅಡ ಇಸಿದುಕೊಂಡವರಲ್ಲ. ನಿನ್ನೆ ಸಂಜೆ ತಾವೇ ಒಂದು ಅಡ ಇಟ್ಟರು. ಒದ್ದೆ ಗರಡಿಯನ್ನು ಒಯ್ದು ಹಿಂದಿನ ಜಗಲಿಯ ಕಂಬದ ಬುಡದಲ್ಲಿಟ್ಟು, "ಇದು ಕಾಂತಮ್ಮನ ಅಡ. ನಾಳೆ ಬೆಳಿಗ್ಗೆ ಏಳು ಗಂಟೆ ತನಕ ಅವಳ ಹೆಸ್ರು ಎಲ್ಲೂ ಎತ್ಬೇಡಿ. ಬಿಂದಿಗೆ ಸಿಗ್ನಿಲ್ಲ ಅಂದ್ರೆ ಗರಡಿ ನಿಮ್ದೇ" ಎಂದರು.

"ಬೆಳ್ಳಿಗೂ ಈ ಕಬ್ಬಿಣಕ್ಕೂ ಸಾಟಿಯೇನಮ್ಮ?" ಎಂದು ವಿಜಯಸಾರಥಿ ನಕ್ಕರು.

"ನನ್ನತ್ರ ಇರೋ ಬೆಳ್ಳಿ ಇದೇ ಸ್ವಾಮಿ."

ಸುಳ್ಳಲ್ಲ. ಅವರ ಗಂಡ ಚೌರಪ್ಪ ಬಾವಿ ತೋಡುತ್ತಿದ್ದವರು. ಸವೆದ ಹಾರೆಯನ್ನು ಕುಲುಮೆಗೆ ಕೊಟ್ಟು ಮಾಡಿಸಿದ್ದು ಈ ಗರಡಿ. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದ ಅವರ ಸಾಮಾನು ಇದೊಂದೇ. ಈಗ ಎಲ್ಲೆಲ್ಲೂ ಕೊಳವೆಬಾವಿ. ವಾರಕ್ಕೊಂದು ಕರೆ ಬಂದರೆ ಹೆಚ್ಚು. ಅರವತ್ತು ದಾಟಿದ ಅಂತೋಣಮ್ಮ ಹೊಟ್ಟೆಪಾಡಿಗೆ ಬಸ್ಸು ಹತ್ತಿ ಅರಸೀಕೆರೆಗೆ ಹೋಗಿ ಮಂಡಿಯಲ್ಲಿ ಕೊಬ್ಬರಿ ಆರಿಸುತ್ತಾರೆ.

ಭಾನುವಾರ ಮಾತ್ರ ಗರಡಿಗೆ ತಪ್ಪದ ಕೆಲಸವಿದೆ. ಪೂಜೆ ಮುಗಿದ ಮೇಲೆ ಚರ್ಚಿನ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು, ಅದನ್ನು ತೂಗಿ ಹಿಡಿದು ಪಾಠ ಹೇಳುತ್ತಾರೆ. "ನೋಡ್ರಪ್ಪ, ಇಳಿಯೋದು ಕತ್ಲೆಗೆ, ಆದ್ರೆ ಕೊಕ್ಕೆ ಮೊನೆ ಎಲ್ಲಾ ಮೇಲಕ್ಕೇ ಐತೆ. ಯೇಸು ಸ್ವಾಮಿ ಹಿಂದೆ ಹೋಗೋರು ಹಿಂಗಿರ್ಬೇಕು. ಕೆಸರಿಗೆ ಇಳೀಬೇಕು, ಅಲ್ಲೇ ಉಳೀಬಾರ್ದು. ಒಬ್ರೇ ಮೇಲಕ್ಕೆ ಬರಬಾರ್ದು."

ಕಳೆದ ವಾರ ಒಬ್ಬಳು ಹುಡುಗಿ ಕೇಳಿದಳಂತೆ: "ಅಜ್ಜಿ, ನಮ್ಮನೇದು ಪ್ಲಾಸ್ಟಿಕ್ ಬಿಂದಿಗೆ. ಬಿದ್ರೂ ತೇಲುತ್ತೆ. ನಿನ್ ಗರಡಿ ಯಾಕೆ?"

"ತೇಲೋರ್ಗೆ ಬ್ಯಾಡ ಕಣವ್ವ. ಮುಳುಗ್ದೋರ್ಗೆ."

ಇಂದು ಬೆಳಿಗ್ಗೆ ಗರಡಿಯನ್ನು ಕಂಬದ ಬುಡದಿಂದ ಎತ್ತಿಕೊಂಡಾಗ ಅದು ಒಣಗಿತ್ತು, ಕೊಕ್ಕೆಗಳಿಗೆ ಯಾರೋ ಕೊಬ್ಬರಿ ಎಣ್ಣೆ ಸವರಿದ್ದರು. ಅಂತೋಣಮ್ಮ ಬೆರಳು ಮೂಸಿ ಸಂಪತ್ಕುಮಾರ್ ಅವರ ಹೆಂಡತಿ ಕೋಮಲವಲ್ಲಿಯ ಮುಖ ನೋಡಿದರು. "ತುಕ್ಕು ಹಿಡಿಯುತ್ತೆ ಅಂತ..." ಎಂದಷ್ಟೇ ಹೇಳಿ ಆಕೆ ಮೈದುನನ ಕಡೆ ತಿರುಗದೆ ಒಳಗೆ ಹೋದರು.

ಈಗ ವಿಜಯಸಾರಥಿ ಸ್ಕೂಟರಿನ ಕೀಲಿ ಹಿಡಿದು ಗಡಿಯಾರ ನೋಡಿಕೊಳ್ಳುತ್ತಿದ್ದಾರೆ. "ಏನಮ್ಮ, ಬಾವಿ ತಳ ಗುಡಿಸ್ತಿದ್ದೀಯೋ ಹೇಗೆ?" ಹಗ್ಗ ಹಿಡಿದ ಅಂತೋಣಮ್ಮನ ಕೈ ತಟ್ಟನೆ ನಿಂತಿದೆ. ಗರಡಿ ಏನನ್ನೋ ಸವರಿ ಜಾರಿತು. ಇನ್ನೊಮ್ಮೆ ಬಿಡುತ್ತಾರೆ. ಮತ್ತೆ ಜಾರುತ್ತದೆ.

"ಕಲ್ಲಿರಬೇಕು" ಎನ್ನುತ್ತಾರೆ ವಿಜಯಸಾರಥಿ.

"ಕಲ್ಲು ತರೀತದೆ ಸ್ವಾಮಿ. ಇದು ನುಣುಪು. ಬೋರಲು ಬಿದ್ದೈತೆ." ಬಿಂದಿಗೆಯ ಬಾಯಿ, ಕುತ್ತಿಗೆ ಎರಡೂ ಹೂಳಿನಲ್ಲಿ ಹೂತಿವೆ, ಮೇಲಿರುವುದು ದುಂಡನೆಯ ತಳ. ಕೊಕ್ಕೆಗೆ ಹಿಡಿತವೇ ಇಲ್ಲ. ನಿನ್ನೆಯೆಲ್ಲ ಆದದ್ದೂ ಅದೇ.

ಅಂತೋಣಮ್ಮ ಎಳೆಯುವುದನ್ನು ಬಿಡುತ್ತಾರೆ. ಕಟ್ಟೆಯ ಸುತ್ತ ಹೆಜ್ಜೆಹೆಜ್ಜೆಯಾಗಿ ಸರಿಯುತ್ತ ಗರಡಿಯಿಂದ ಬಿಂದಿಗೆಯ ಪಕ್ಕೆಗೆ ಮೆಲ್ಲಗೆ ತಟ್ಟುತ್ತಾರೆ, ನಿಲ್ಲುತ್ತಾರೆ, ಮತ್ತೆ ತಟ್ಟುತ್ತಾರೆ. "ಮುಖ ಕೆಳಗೆ ಹಾಕಿ ಬಿದ್ದಿರೋರ್ನ ಜಗ್ಗಿದ್ರೆ ಬರಾಕಿಲ್ಲ. ಮೊದ್ಲು ಮಗ್ಗುಲಾಗಿಸ್ಬೇಕು. ಆಮ್ಯಾಕೆ ಎತ್ಬೇಕು." ಮಾತು ಬಾವಿಗೆ ಹೇಳಿದಂತಿದೆ. ಬಾಗಿಲಾಚೆ ಕಾಂತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ.

ಏಳಕ್ಕೆ ಇನ್ನೇನು ಸ್ವಲ್ಪವಿದೆ. ಹಗ್ಗ ಒಮ್ಮೆ ಅದುರಿ ಬಿಗಿಯಾಗುತ್ತದೆ. ಅಂತೋಣಮ್ಮ ಉಸಿರು ಹಿಡಿದು, ಕೈಮೇಲೆ ಕೈ ಬದಲಿಸುತ್ತ ಸೇದುತ್ತಾರೆ. ಕೋಮಲವಲ್ಲಿ ಓಡಿಬಂದು ಕಟ್ಟೆ ಹಿಡಿದು ಬಗ್ಗುತ್ತಾರೆ. ಕಪ್ಪು ಕೆಸರು ಸುರಿಸುತ್ತ ಬಿಂದಿಗೆ ಮೇಲೆ ಬರುತ್ತದೆ, ಕುತ್ತಿಗೆಗೆ ಒಂದೇ ಒಂದು ಕೊಕ್ಕೆ.

ಬಿಂದಿಗೆಯನ್ನು ಕೋಮಲವಲ್ಲಿಯ ಕೈಗಿತ್ತು, ಹಗ್ಗ ಸುತ್ತಿ, ಅಂತೋಣಮ್ಮ ಗರಡಿಯನ್ನು ಮತ್ತೆ ಕಂಬದ ಬುಡದಲ್ಲೇ ಇಟ್ಟು ದೂರ ನಿಲ್ಲುತ್ತಾರೆ.

"ತಗೊಂಡು ಹೋಗಮ್ಮ" ಎನ್ನುತ್ತಾರೆ ವಿಜಯಸಾರಥಿ.

"ನಾನಾಗೇ ಎತ್ಕೊಂಡು ಹೋಗಂಗಿಲ್ಲ. ಅಡ ಕಾಂತಮ್ಮಂದು. ಅವಳ ಕೈಗೆ ಕೊಡಿ."

ವಿಜಯಸಾರಥಿ ಕೀಲಿಯನ್ನು ಜೇಬಿಗಿಳಿಸಿ, ಕೆಸರು ಮೆತ್ತಿದ ಗರಡಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹಿತ್ತಿಲ ಬಾಗಿಲಿಗೆ ನಡೆಯುತ್ತಾರೆ. "ತಗೊಳ್ಳಿ ಕಾಂತಮ್ಮ. ಒಳಗೆ ಬನ್ನಿ."

ಅರಸೀಕೆರೆ ಬಸ್ಸಿಗೆ ಹೊತ್ತಾಗಿದೆ. ಬೀದಿಯ ತಿರುವಿನವರೆಗೆ ಕಾಂತಮ್ಮನೇ ಗರಡಿ ಹೊತ್ತು ಬರುತ್ತಾರೆ. "ಎಷ್ಟು ಭಾರ ಐತಕ್ಕಾ ಇದು" ಎನ್ನುತ್ತಾರೆ, ಕಣ್ಣೊರೆಸಿಕೊಳ್ಳಲು ಕೈ ಬಿಡುವಿಲ್ಲದೆ.

ಅಂತೋಣಮ್ಮ ಅದನ್ನು ಇಸಿದುಕೊಂಡು ಹೆಗಲಿಗೇರಿಸುತ್ತಾರೆ. "ರಾತ್ರಿ ಬರಿಗೈಲಿ ಮನೆಗೆ ಹೋದ್ನಲ್ಲ, ಆವಾಗ ಇನ್ನೂ ಭಾರ ಇತ್ತು ಕಣೇ."