ಕೆನ್ನೆಯ ಮೇಲಿದ್ದವಳು

ಗಂಗೆಯನ್ನು ಮನೆಯಲ್ಲಿ ಯಾರೂ ಗಂಗೆ ಎಂದು ಕರೆಯುತ್ತಿರಲಿಲ್ಲ. ಮನೆಯಲ್ಲಿ ಎಂದರೆ ಇದ್ದದ್ದು ತಾಯಿ ಸುಲೋಚನಮ್ಮ ಒಬ್ಬರೇ. ಸೋಮವಾರಪೇಟೆಯ ಆಚೆಗಿನ ಕಾಫಿ ಎಸ್ಟೇಟಿನಲ್ಲಿ ಕೆಲಸಗಾರರ ಲೈನ್ ಮನೆ ಅದು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದ ತಾಯಿ ಮಗಳ ಬಲಗೆನ್ನೆಯ ಮಚ್ಚೆಯನ್ನು ಹೆಬ್ಬೆರಳಿನಿಂದ ಸವರಿ, "ಎದ್ಯಾ ಯಮುನಾ?" ಎಂದು ಕೇಳುವರು.

ಯಮುನಾ ಗಂಗೆಯ ಅಕ್ಕ. ಹದಿನಾಲ್ಕನೆಯ ವಯಸ್ಸಿನಲ್ಲಿ ಮೂರು ದಿನದ ಜ್ವರಕ್ಕೆ ಹೋದಳು. ಅವಳ ಬಲಗೆನ್ನೆಯಲ್ಲಿ ಮೆಣಸಿನ ಕಾಳಿನಷ್ಟು ಮಚ್ಚೆಯಿತ್ತು. ಮರುವರ್ಷ ಹನ್ನೆರಡರ ಗಂಗೆಯ ಕೆನ್ನೆಯಲ್ಲಿ, ಅದೇ ಜಾಗದಲ್ಲಿ, ಎಳ್ಳಿನಷ್ಟು ಕಪ್ಪು ಕಾಣಿಸಿತು. ನೋಡನೋಡುತ್ತ ಬೆಳೆಯಿತು. "ನನ್ನ ಮಗಳು ಎಲ್ಲಿಗೂ ಹೋಗಿಲ್ಲ" ಎಂದರು ಸುಲೋಚನಮ್ಮ. ಅಂದಿನಿಂದ ಇಪ್ಪತ್ತೊಂದು ವರ್ಷ ಅವರು ಆ ಮಚ್ಚೆಯ ಜೊತೆಗೇ ಮಾತಾಡಿದರು. ಗಂಗೆಗೆ ಸೇರದ ಕಳಲೆ ಸಾರು ತಟ್ಟೆಗೆ ಬೀಳುತ್ತಿತ್ತು, ಯಮುನಾಗೆ ಇಷ್ಟ ಎಂದು. ಹೆಣ್ಣು ನೋಡಲು ಬಂದವರಿಗೆ "ಯಮುನಾ ಒಪ್ಪಲಿ, ಆಮೇಲೆ ನೋಡಾಣ" ಎಂದರು. ಬಂದವರು ಕಾಫಿ ಕುಡಿದು ಎದ್ದರು.

ಗಂಗೆ ತಾಯಿಗೆ ಎದುರಾಡಿದವಳಲ್ಲ. ದೇವರ ದೀಪ ಹಚ್ಚುವಾಗ ಮಾತ್ರ ತನ್ನ ಹೆಸರನ್ನು ತಾನೇ ಮೆಲ್ಲಗೆ ಹೇಳಿಕೊಳ್ಳುವಳು, ದೇವರಿಗಾದರೂ ಗೊತ್ತಿರಲಿ ಎಂದು. ಮೂವತ್ತು ದಾಟಿದ ಮೇಲೆ ಕನ್ನಡಿ ನೋಡಲು ಹೆದರಿಕೆಯಾಗತೊಡಗಿತು. ಮೊದಲು ಮಚ್ಚೆ ಕಾಣುತ್ತಿತ್ತು, ಆಮೇಲೆ ಮುಖ. ಅವಳು ನಗದಿದ್ದಾಗಲೂ ಆ ಕಡೆಯ ಕೆನ್ನೆ ನಕ್ಕಂತಿರುತ್ತಿತ್ತು.

ಜನವರಿಯ ಒಂದು ಸೋಮವಾರ ಯಾರಿಗೂ ಹೇಳದೆ ಮಡಿಕೇರಿಯ ಬಸ್ಸು ಹತ್ತಿದಳು.

ಚರ್ಮದ ಡಾಕ್ಟರು ಗಾನವಿ, ಇನ್ನೂ ಚಿಕ್ಕ ವಯಸ್ಸಿನವರು. ದೀಪವಿರುವ ಮಸೂರವನ್ನು ಮಚ್ಚೆಯ ಮೇಲಿಟ್ಟು ಬಹಳ ಹೊತ್ತು ನೋಡಿದರು.

"ಇತ್ತೀಚೆಗೆ ದೊಡ್ಡದಾಗಿದ್ಯಾ? ಬಣ್ಣ ಬದಲಾಗಿದ್ಯಾ? ರಕ್ತ ಏನಾದ್ರೂ?"

"ಇಲ್ಲ ಮೇಡಂ."

"ಮತ್ತೆ ಯಾಕೆ ತೆಗೆಸ್ತೀರಿ? ಚೆನ್ನಾಗೇ ಇದೆಯಲ್ಲ."

"ಇದು ನನ್ನದಲ್ಲ," ಎಂದಳು ಗಂಗೆ.

ಡಾಕ್ಟರು ಅವಳ ಮುಖ ನೋಡಿದರು. ಉಬ್ಬಿದ ಭಾಗವನ್ನು ತೆಳ್ಳಗೆ ಕತ್ತರಿಸಿ ಪರೀಕ್ಷೆಗೆ ಕಳಿಸುತ್ತೇನೆ, ಬುಡವನ್ನು ಲೇಸರಿನಿಂದ ಸುಡುತ್ತೇನೆ ಎಂದರು. ಮರಗಟ್ಟಿಸುವ ಸೂಜಿ ಕೆಂಪಿರುವೆ ಕಚ್ಚಿದಂತೆ ಉರಿಯಿತು, ಆಮೇಲೆ ನೋವಿಲ್ಲ. ಲೇಸರಿನ ಬೆಳಕು ತಾಗದಂತೆ ಅವಳ ಕಣ್ಣಿಗೆ ಬಟ್ಟೆ ಮುಚ್ಚಿದ್ದರು. ಚಿಟಿಚಿಟಿ ಸದ್ದು, ಕೂದಲು ಸುಟ್ಟ ವಾಸನೆ. ಆ ವಾಸನೆ ಮೂಗಿಗೆ ಬಡಿದಾಗ ಗಂಗೆ ಮನಸ್ಸಿನಲ್ಲೇ ಅಕ್ಕನ ಕ್ಷಮೆ ಕೇಳಿದಳು.

"ಹಕ್ಕಳೆ ಕಟ್ಟುತ್ತೆ, ಕೀಳಬೇಡಿ, ಎಂಟು ಹತ್ತು ದಿನಕ್ಕೆ ತಾನೇ ಬೀಳುತ್ತೆ," ಎಂದರು ಡಾಕ್ಟರು. "ಈ ಮುಲಾಮು ಹಚ್ಚಿ. ಅರಿಶಿನ ಗಿರಿಶಿನ ಬೇಡ. ಅಡಿಯಲ್ಲಿ ಗುಲಾಬಿ ಬಣ್ಣ ಇರುತ್ತೆ, ಮಾಸೋಕೆ ತಿಂಗಳುಗಟ್ಟಲೆ ಬೇಕು. ಬಿಸಿಲು ತಾಗಿದ್ರೆ ಕಪ್ಪಾಗಿಬಿಡುತ್ತೆ. ಕೀವು ಬಂದ್ರೆ, ಜ್ವರ ಬಂದ್ರೆ ತಕ್ಷಣ ಬನ್ನಿ."

"ಅದು ಮತ್ತೆ ಬರುತ್ತಾ ಮೇಡಂ?"

"ಬುಡ ಉಳಿದಿದ್ರೆ ಬರಬಹುದು."

ಮನೆಗೆ ಬಂದವಳ ಕೆನ್ನೆಯ ಪಟ್ಟಿಯನ್ನು ಕಂಡು ಸುಲೋಚನಮ್ಮ ಹತ್ತಿರ ಬಂದರು. ಮೇಲೆದ್ದ ಹೆಬ್ಬೆರಳು ಗಾಳಿಯಲ್ಲೇ ನಿಂತು ಕೆಳಗಿಳಿಯಿತು. ಅಂದಿನಿಂದ ಅವರು ಮಗಳನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. ಊಟಕ್ಕೆ ತಟ್ಟೆ ಕುಟ್ಟಿ ಕರೆದರು. ತಾಯಿಯ ಬಾಯಲ್ಲಿ ತನ್ನ ಹೆಸರು ಕೇಳಬೇಕೆಂಬುದೊಂದೇ ಗಂಗೆಯ ಆಸೆಯಾಗಿತ್ತು. ಈಗ ಇದ್ದ ಹೆಸರೂ ಹೋಯಿತು.

ಗಂಗೆ ಕೆಲಸ ಮಾಡುತ್ತಿದ್ದ ಕಾಫಿ ಒಣಗಿಸುವ ಕಣದಲ್ಲಿ ದಿನವಿಡೀ ಬಿಸಿಲು. ಹಾಜರಿ ಬರೆಯುವ ರೈಟರಿಗೆ ಹೇಳಿ ಗೋದಾಮಿನೊಳಗೆ ಬೀಜ ಆರಿಸುವ ಕೆಲಸಕ್ಕೆ ಸೇರಿಕೊಂಡಳು. ಸೆರಗಿನಲ್ಲಿ ಮುಖ ಸುತ್ತಿಕೊಂಡು ಬಂದವಳನ್ನು ಪಕ್ಕದಲ್ಲಿ ಬೀಜ ಆರಿಸುವ ಸೋಮಿ ಕೆಣಕಿದಳು.

"ಏನೇ, ಬಾಣಂತಿ ಥರ ಮುಚ್ಕೊಂಡಿದ್ದೀಯ? ಗಂಡೋ ಹೆಣ್ಣೋ?"

"ಎರಡೂ ಅಲ್ಲ. ಮಚ್ಚೆ ತೆಗೆಸಿದೆ."

"ಅಷ್ಟಕ್ಕೆ ಮಡಿಕೇರಿ ತನಕ ಹೋದ್ಯಾ? ನಮ್ಮತ್ತೆ ಸುಣ್ಣ ಹಚ್ಚಿ ತೆಗೀತಿದ್ರು."

"ನಿಮ್ಮತ್ತೆ ಮುಖ ನೋಡಿದ್ದೀನಿ, ಬಿಡೇ."

ನಗುವಾಗ ಹಕ್ಕಳೆ ಎಳೆದಂತಾಗಿ ಗಂಗೆ ನಗು ನಿಲ್ಲಿಸಿದಳು. ತುರಿಕೆ ಶುರುವಾಗಿತ್ತು. ಗಾಯ ಮಾಯುವಾಗ ತುರಿಸುವುದು ಸಹಜವೆಂದು ಗೊತ್ತಿದ್ದರೂ, ಒಳಗಿನಿಂದ ಯಾರೋ ಉಗುರಿನಲ್ಲಿ ಕೆರೆಯುತ್ತಿದ್ದಾರೆ ಎನ್ನಿಸಿ ಕೈಗಳನ್ನು ಬೀಜದ ರಾಶಿಯಲ್ಲಿ ಹುದುಗಿಸಿ ಕೂರುವಳು.

ಒಂಬತ್ತನೆಯ ದಿನ ಮುಖ ಒರೆಸುವಾಗ ಹಕ್ಕಳೆ ಬಟ್ಟೆಗೆ ಬಂತು. ಎಸೆಯುವ ಮೊದಲೇ ಸುಲೋಚನಮ್ಮ ಅಂಗೈ ಚಾಚಿದರು.

"ಕೊಡು ಇಲ್ಲಿ."

ಅದನ್ನು ವೀಳ್ಯದೆಲೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಾಳೆ ಭಾಗಮಂಡಲಕ್ಕೆ ಹೋಗಾಣ. ಇಪ್ಪತ್ತೆರಡು ವರ್ಷ ಆಯ್ತು, ಅವಳಿಗೆ ಒಂದು ಬೊಗಸೆ ನೀರು ಬಿಟ್ಟಿಲ್ಲ ನಾನು."

ಮಡಿಕೇರಿಯಲ್ಲಿ ಬಸ್ಸು ಬದಲಿಸುವಾಗ ಗಂಗೆ ಪರೀಕ್ಷೆಯ ವರದಿ ತಂದಳು. ಕೆಟ್ಟದ್ದೇನೂ ಇಲ್ಲ ಎಂದು ಬರೆದಿತ್ತು. ತಾಯಿ ತಲೆಯಾಡಿಸಿದರು, ಅಷ್ಟೆ.

ಸಂಗಮದಲ್ಲಿ ನೀರು ಮೊಣಕಾಲಿನಷ್ಟಿತ್ತು, ಮೂಳೆಗೆ ತಾಗುವಷ್ಟು ತಣ್ಣಗೆ.

"ಗಂಡಸರು ಯಾರೂ ಬಂದಿಲ್ವಾ?" ಎಂದು ಭಟ್ಟರು ಕೇಳಿದರು.

"ಇಲ್ಲ ಸ್ವಾಮಿ, ನಾವಿಬ್ರೇ."

"ಸರಿ ತಾಯಿ, ಎಳ್ಳು ಹಿಡ್ಕೊಳ್ಳಿ. ಹೋದವರ ಹೆಸರು?"

ಸುಲೋಚನಮ್ಮನ ಬೊಗಸೆಯಲ್ಲಿ ಎಳ್ಳು, ನೀರು, ಆ ವೀಳ್ಯದೆಲೆ. ತುಟಿ ಎರಡು ಸಲ ಅಲುಗಿತು.

"ಗಂಗೆ," ಎಂದರು.

ಗಂಗೆ ಇಷ್ಟು ವರ್ಷ ಕಾದ ಹೆಸರು ಅದು. ಭಟ್ಟರು ಮಂತ್ರ ಶುರುಮಾಡುವುದರಲ್ಲಿದ್ದರು. ಸುಮ್ಮನಿದ್ದರೆ ಆ ನೀರು ತನಗೇ ಬೀಳುತ್ತದೆ.

"ಅಲ್ಲ ಸ್ವಾಮಿ," ಎಂದಳು, ತಾಯಿಯ ಮೊಣಕೈ ಹಿಡಿದು. "ಹೋದವಳು ಯಮುನಾ. ನಮ್ಮಕ್ಕ."

ಸುಲೋಚನಮ್ಮ ತಿರುಗಿದರು. ಕೆನ್ನೆಯನ್ನು ನೋಡಲಿಲ್ಲ, ಕಣ್ಣನ್ನು ನೋಡಿದರು. ಬೆರಳ ಸಂದಿಯಿಂದ ನೀರು ಸೋರುತ್ತಿತ್ತು. ಆಮೇಲೆ ಭಟ್ಟರ ಕಡೆಗೆ, "ಯಮುನಾ" ಎಂದರು. ಮೂರು ಸಲ ಹೇಳಿ, ಮೂರು ಸಲ ನೀರು ಬಿಟ್ಟರು. ಎಲೆ ಒಂದು ಸುತ್ತು ತಿರುಗಿ ಹೊಳೆಯ ಸೆಳೆತಕ್ಕೆ ಸಿಕ್ಕಿ ಹೋಯಿತು.

ಗಂಗೆ ಮುಂದಾಗಿ ಮೆಟ್ಟಿಲು ಹತ್ತುತ್ತಿದ್ದಳು. ಹಿಂದಿನಿಂದ "ಗಂಗೆ, ನಿಲ್ಲೇ" ಎಂದು ಕರೆದದ್ದು ಕೇಳಿಸಿತು. ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ಇನ್ನೂ ಎರಡು ಮೆಟ್ಟಿಲು ಹತ್ತಿ, ಆಮೇಲೆ ತಿರುಗಿದಳು. ಸೋಪಾನದಲ್ಲಿ ಬೇರೆ ಯಾರೂ ಇರಲಿಲ್ಲ. ಒದ್ದೆ ಸೀರೆಯ ತಾಯಿ ಕೆಳಗಿನ ಮೆಟ್ಟಿಲಿನಲ್ಲಿ ಅವಳ ಕಡೆಗೆ ಕೈ ಚಾಚಿ ನಿಂತಿದ್ದರು.