ಮದುವೆಯವರು ಪ್ಯಾಡ್ ಕೇಳಿದರೆಂಬ ಸುಳ್ಳು

ಜಗಳೂರಿನ ಭೀಮೇಶ್ ಮದುವೆ ಮನೆಗಳಲ್ಲಿ ಕೀಬೋರ್ಡ್ ನುಡಿಸುತ್ತಾ ಹಾಡುವವನು. ಹನ್ನೆರಡು ವರ್ಷ ಅವನ ಪಕ್ಕ ಡೋಲಕ್ ಹಿಡಿದು ಕೂತವನು ಸೊಕ್ಕೆಯ ಓಬಳಪ್ಪ. ಭೀಮೇಶ್ ಹಾಡಿನ ಸಾಲು ಮರೆತರೆ ಓಬಳಪ್ಪ ಇನ್ನೊಂದು ಸುತ್ತು ಬಾರಿಸಿ ಕಾಯುತ್ತಿದ್ದ. ಕೇಳುವವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಹೋದ ವರ್ಷ ಸಾಲಾಗಿ ಮೂರು ಕಾರ್ಯಕ್ರಮ ಕೈತಪ್ಪಿದವು. ಬೇರೆ ತಂಡಗಳ ವಿಡಿಯೋ ನೋಡಿ ನೋಡಿ ಭೀಮೇಶನ ತಲೆಯಲ್ಲಿ ಒಂದೇ ಮಾತು ಕೂತಿತು: ನಮ್ಮ ಸಾಮಾನು ಹಳೆಯದು, ಅದಕ್ಕೇ ಯಾರೂ ಕರೆಯುತ್ತಿಲ್ಲ. ದಾವಣಗೆರೆಗೆ ಹೋಗಿ, ಗುಂಡಿ ಒತ್ತಿದರೆ ತಾನೇ ತಾಳ ಹಾಕುವ ರಿದಮ್ ಪ್ಯಾಡ್ ತಂದ. ಓಬಳಪ್ಪನಿಗೆ ನಿಜ ಹೇಳಲು ಬಾಯಿ ಬರಲಿಲ್ಲ.

"ಸವಳಂಗದ ಮದುವೆಯೋರು ಪ್ಯಾಡೇ ಬೇಕು ಅಂದಾರೆ ಅಣ್ಣ. ಡೋಲಕ್ ಬ್ಯಾಡವಂತೆ," ಎಂದು ಫೋನಿನಲ್ಲೇ ಹೇಳಿಬಿಟ್ಟ.

"ಆಗ್ಲಿ ಬಿಡಪ್ಪ. ಕಾಲ ಹೆಂಗೈತೋ ಹಂಗೆ ಹೋಗ್ಬೇಕು."

ಸವಳಂಗದಲ್ಲಿ ಮದುಮಗಳ ತಾಯಿ ಹೇಮಾವತಿ ಬಂದವರೇ ಕೇಳಿದರು: "ಡೋಲಕ್ಕಿನೋರು ಎಲ್ರೀ? ನನ್ನ ತಂಗಿ ಮದುವೇಲಿ ಅವರು ಬಾರಿಸಿದ್ದು ಕೇಳೇ ನಿಮ್ಮನ್ನ ಕರೆಸಿದ್ದು."

"ಅವರಿಗೆ ಜ್ವರ ಕಣಮ್ಮ," ಎಂದ ಭೀಮೇಶ್. ಮೂರನೇ ಹಾಡಿನಲ್ಲಿ ಸಾಲು ಮರೆತ. ಪ್ಯಾಡ್ ತನ್ನ ಪಾಡಿಗೆ ಮುಂದೆ ಹೋಯಿತು. ಮುಂದೆ ಕೂತಿದ್ದವರು ನಕ್ಕರು.

ಎರಡು ದಿನ ಬಿಟ್ಟು ಹೇಮಾವತಿ ಫೋನ್ ಮಾಡಿದರು. "ತಂಗಿ ಹತ್ರ ನಂಬರ್ ಇಸ್ಕೊಂಡು ಓಬಳಪ್ಪನೋರ್ನ ವಿಚಾರಿಸ್ದೆ. ಜ್ವರ ಬಿಟ್ಟೈತಂತೆ. ಮುಂದಿನ ತಿಂಗಳು ನ್ಯಾಮತೀಲಿ ನಮ್ಮ ಮೈದುನನ ಮಗಳ ಮದುವೆ ಐತೆ. ಇಬ್ರೂ ಬರ್ರಿ."

ಭೀಮೇಶ್ ಅವತ್ತೇ ಸೊಕ್ಕೆಗೆ ಹೋದ. ಓಬಳಪ್ಪ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದ.

"ಅವರು ಪ್ಯಾಡ್ ಕೇಳಿರ್ಲಿಲ್ಲ ಅಣ್ಣ. ನಾನೇ..."

"ಆಯಮ್ಮ ಜ್ವರ ಹೆಂಗೈತೆ ಅಂದಾಗ್ಲೇ ತಿಳೀತು. ವಾಸಿ ಆಗೈತೆ ಅಂದೆ. ನಾಲ್ಕು ಜನದ ಮುಂದೆ ನಿನ್ನ ಮಾತು ಹೋಗಬಾರ್ದಲ್ಲ."

"ಬೈಯಣ್ಣ ನನ್ನ."

"ಬೈದ್ರೆ ನಿಂಗೆ ಹಗುರಾಗ್ತೈತೆ," ಎಂದ ಓಬಳಪ್ಪ, ತಲೆ ಎತ್ತದೆ. "ನ್ಯಾಮತಿಗೆ ಬರ್ತೀನಿ, ಹೋಗು."

ಹೇಳಿದಂತೆ ಬಂದ. ಚೆನ್ನಾಗಿಯೇ ಬಾರಿಸಿದ. ಊಟದ ಪಂಕ್ತಿಯಲ್ಲಿ ಇನ್ನಿಬ್ಬರು ಅವರ ನಂಬರ್ ಕೇಳಿ ಬರೆದುಕೊಂಡರು. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಭೀಮೇಶನ ಪಕ್ಕದ ಸೀಟು ಖಾಲಿ ಇದ್ದರೂ ಓಬಳಪ್ಪ ಹಿಂದೆ ಹೋಗಿ ಕೂತ. ಎದ್ದು ಅವನ ಹತ್ತಿರ ಹೋಗಬೇಕೆಂದು ಭೀಮೇಶನಿಗೆ ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ಜಗಳೂರು ಬಂದರೂ ಧೈರ್ಯ ಬರಲಿಲ್ಲ.