ನಡುವಿಗಿಂತ ಚೂರು ಕೆಳಗಿದ್ದ ಮುಳ್ಳು

ಇವತ್ತು ಫಸ್ಟ್ ಇಯರ್ ಟೆಸ್ಟಿನ ಟೆನ್ಷನ್ನಿನಲ್ಲಿ ಕಾಲೇಜು ಬಸ್ಸಿನ ಡ್ರೈವರ್ ಪಕ್ಕ ಕೂತಿದ್ದೆ. ಎಂಜಿನ್ ಟೆಂಪರೇಚರ್ ಗೇಜಿನ ಮುಳ್ಳು ನಡುವಿಗಿಂತ ಚೂರು ಕೆಳಗೆ ನಿಂತಿತ್ತು. ಅದನ್ನು ನೋಡಿದ್ದೇ ತಡ, ಅಪ್ಪನ ಪಿಕಪ್ ನೆನಪಾಯಿತು.

ಅಪ್ಪ ಶಿಕಾರಿಪುರದಿಂದ ಸೊರಬಕ್ಕೆ ಹಿಂಡಿ ಚೀಲ ಸಾಗಿಸುವಾಗ ಆ ಮುಳ್ಳು ಕಾಯುವುದು ನನ್ನ ಕೆಲಸ.

"ನಡುವಿಗಿಂತ ಚೂರು ಕೆಳಗಿದ್ರೆ ನಾರ್ಮಲ್. ಏರಿನಾಗೆ ಸ್ವಲ್ಪ ಮೇಲೆ ಹೋಗ್ತದೆ, ಹೆದರಬ್ಯಾಡ. ಕೆಂಪು ಗೆರೆ ಮುಟ್ಟಿದ್ರೆ ಮಾತ್ರ ಕೂಗು," ಎನ್ನುತ್ತಿದ್ದರು.

ನನ್ನನ್ನು ಸೊರಬದ ಹಾಸ್ಟೆಲಿಗೆ ಸೇರಿಸಲು ಹೊರಟ ದಿನ ಚೀಲಗಳ ನಡುವೆ ನನ್ನ ಟ್ರಂಕೂ ಇತ್ತು. ಸೊರಬ ಹತ್ತಿರವಾದಂತೆ ಮತ್ತೆ ಮತ್ತೆ ಹಿಂದೆ ತಿರುಗಿ ಟ್ರಂಕ್ ನೋಡುತ್ತಿದ್ದೆ. ಮುಳ್ಳು ಅಲ್ಲಾಡಿರಲಿಲ್ಲ. ಆದರೂ, "ಅಪ್ಪಾ, ಕೆಂಪಿಗೆ ಹೋಯ್ತು!" ಎಂದು ಕೂಗಿಬಿಟ್ಟೆ.

ಅಪ್ಪ ಗೇಜಿನ ಕಡೆ ಒಮ್ಮೆ ನೋಡಿ, ಗಾಡಿ ಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿದರು. ಆಮೇಲೆ ನನ್ನ ಪಕ್ಕ ಬಂದು ಕೂತು ಮಂಡಕ್ಕಿ ಪೊಟ್ಟಣ ಬಿಚ್ಚಿದರು.

"ತಣ್ಣಗಾತೇನೇ?" ಎಂದು ಕೇಳುವಾಗ ಅವರು ನೋಡಿದ್ದು ನನ್ನ ಮುಖವನ್ನು.

"ಇನ್ನೂ ಇಲ್ಲ," ಎಂದೆ.

ಇವತ್ತು ಬಸ್ ಇಳಿದವಳೇ ಫೋನ್ ಮಾಡಿ, ಅವತ್ತು ಸುಳ್ಳು ಹೇಳಿದ್ದೆ ಅಂತ ಒಪ್ಪಿಕೊಂಡೆ. ಅಪ್ಪ ನಕ್ಕರು.

"ಗಾಡಿ ನಂದಲ್ಲೇನೇ, ಗೊತ್ತಾಗಲ್ವಾ? ನಂಗೂ ಅವತ್ತು ಹತ್ತು ನಿಮಿಷ ಬೇಕಾಗಿತ್ತು."